ಕಾಲು ಮೈಲಿಯ ಪಾಠ



ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಅಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ. “ಮೇಷ್ಟ್ರೇ, ಶನಿವಾರ ನನ್ನ ಕಾರನ್ನು ಮೊದಲ ಸಲ ಡ್ರ್ಯಾಗ್ ರೇಸಿಗೆ ಒಯ್ಯುತ್ತಿದ್ದೇನೆ. ನೀವು ಬರಲೇಬೇಕು” ಎಂದ. ಶಾಲೆಯ ದಿನಗಳಲ್ಲಿ ಗುಡ್ಡದ ಇಳಿಜಾರಿನಲ್ಲಿ ಸೈಕಲ್ ಪಂದ್ಯ ಕಟ್ಟಿ ಕೈ ಮುರಿದುಕೊಂಡಿದ್ದ ಹುಡುಗ ಇವನೇ. ಅಂದು ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ, ಶಾಲೆಗೆ ಸೈಕಲ್ ತರುವುದನ್ನೇ ನಿಷೇಧಿಸಿದ್ದೆ.

ಈ ಪಂದ್ಯದ ಚರಿತ್ರೆ ತಿಳಿಯಬೇಕಾದದ್ದು. ದಕ್ಷಿಣ ಕ್ಯಾಲಿಫೋರ್ನಿಯಾದ ತರುಣರು ಹಳೆಯ ಕಾರುಗಳನ್ನು ಬಿಚ್ಚಿ, ಹಗುರಗೊಳಿಸಿ, ಮರುಭೂಮಿಯ ಬತ್ತಿದ ಸರೋವರಗಳ ಬಯಲಿನಲ್ಲಿ ಓಡಿಸುತ್ತಿದ್ದರು. ಎರಡನೆಯ ಮಹಾಯುದ್ಧದ ತರುವಾಯ ಈ ಹುಚ್ಚು ಊರಿನ ಬೀದಿಗಳಿಗೂ ಹಬ್ಬಿ ಜೀವಕ್ಕೆ ಎರವಾಯಿತು. 1950ರಲ್ಲಿ ಸಾಂಟಾ ಆನಾದ ವಿಮಾನ ನಿಲ್ದಾಣದ ಓಡುದಾರಿಯಲ್ಲಿ ಕ್ರಮಬದ್ಧ ಪಂದ್ಯಗಳು ಆರಂಭವಾದವು. ಮರುವರ್ಷ ‘ಹಾಟ್ ರಾಡ್’ ಪತ್ರಿಕೆಯ ಸಂಪಾದಕ ವಾಲಿ ಪಾರ್ಕ್ಸ್, ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅದರ ಮೊದಲ ಅಧಿಕೃತ ಪಂದ್ಯ 1953ರಲ್ಲಿ ಪೊಮೋನಾದಲ್ಲಿ ನಡೆಯಿತು. ಅಲ್ಲಿನ ಪೊಲೀಸರೇ ಬೆಂಬಲವಾಗಿ ನಿಂತಿದ್ದರು. ಹುಡುಗರನ್ನು ಬೀದಿಯಿಂದ ಓಡಿಸುವುದಕ್ಕಷ್ಟೇ ತೃಪ್ತರಾಗದೆ, ಓಡಲು ಒಂದು ಜಾಗವನ್ನು ಒದಗಿಸಿದ್ದರು.

ನನ್ನ ಶಿಷ್ಯನದು 1964ರ ಪಾಂಟಿಯಾಕ್ ಜಿಟಿಓ. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂಬ ನಿಯಮ ಜನರಲ್ ಮೋಟಾರ್ಸ್‌ನಲ್ಲಿತ್ತು. ಜಾನ್ ಡೆಲೋರಿಯನ್ ಮತ್ತು ಸಂಗಡಿಗರು ಜಿಟಿಓವನ್ನು ಬೇರೊಂದು ಕಾರಿನ ಹೆಚ್ಚುವರಿ ಸೌಲಭ್ಯವೆಂದು ತೋರಿಸಿ, 389 ಘನ ಅಂಗುಲದ, 325 ಅಶ್ವಶಕ್ತಿಯ ಎಂಜಿನ್ನನ್ನು ಕೂಡಿಸಿಬಿಟ್ಟರು. ಮಸಲ್ ಕಾರುಗಳ ಯುಗ ಮೊಳೆತದ್ದು ಇಂಥ ಜಾಣತನದಿಂದ!

ಪಂದ್ಯದ ಪಥ ನೇರವಾದದ್ದು. ಉದ್ದ ಕಾಲು ಮೈಲಿ, ಅಂದರೆ 1,320 ಅಡಿ. ಪರಿಶೀಲಕರು ಕಾರನ್ನು ನೋಡಿ ಒಪ್ಪಿದ ಬಳಿಕವೇ ಪ್ರವೇಶ. ಹಿಂದೆ ಬಾವುಟ ಬೀಸಿ ಪಂದ್ಯ ಆರಂಭಿಸುತ್ತಿದ್ದರು. 1963ರಿಂದ ‘ಕ್ರಿಸ್‌ಮಸ್ ಟ್ರೀ’ ಎಂಬ ದೀಪಸ್ತಂಭ ಬಂದಿತು. ಮೂರು ಹಳದಿ ದೀಪಗಳು ಅರ್ಧರ್ಧ ಸೆಕೆಂಡಿಗೊಂದರಂತೆ ಬೆಳಗಿ, ಬಳಿಕ ಹಸಿರು. ಅದಕ್ಕೂ ಮೊದಲೇ ಹೊರಟರೆ ಕೆಂಪು ದೀಪ.

ನಮ್ಮವನು ಹಸಿರು ಕಂಡೊಡನೆ ಪೆಡಲನ್ನು ಪೂರ್ತಿ ಅದುಮಿದ. ಕಿವಿ ಗಡಚಿಕ್ಕಿತು. ಹಿಂದಿನ ಗಾಲಿಗಳು ನಿಂತಲ್ಲೇ ಗಿರಗಿರನೆ ತಿರುಗಿ ಹೊಗೆ ಎದ್ದಿತೇ ಹೊರತು ಕಾರು ತಡವರಿಸಿತು. ಎಂಜಿನ್ನಿನ ಬಲ ನೆಲಕ್ಕೆ ಹಿಡಿತವಾಗಿ ಇಳಿಯದಿದ್ದರೆ ವ್ಯರ್ಥವೆಂಬುದು ನನಗೂ ಅಂದೇ ಮನವರಿಕೆಯಾಯಿತು. ಕೈಗೆ ಬಂದ ಚೀಟಿಯಲ್ಲಿ ದೀಪಕ್ಕೆ ಸ್ಪಂದಿಸಿದ ಸಮಯ, ಮೊದಲ 60 ಅಡಿಯ ಸಮಯ, ವೇಗ ಎಲ್ಲವೂ ಇದ್ದವು. ಒಟ್ಟು 15.6 ಸೆಕೆಂಡು. ಎರಡನೆಯ ಸಲ ಅವನು ಮೆಲ್ಲನೆ ಹೊರಟು ಅನಂತರ ವೇಗವೇರಿಸಿದ: 15.1.

ಆ ಚೀಟಿಯನ್ನು ಅಂಕಪಟ್ಟಿಯಂತೆ ನನ್ನ ಮುಂದೆ ಹಿಡಿದು, “ಪಾಸೇ ಮೇಷ್ಟ್ರೇ?” ಎಂದ. ಐವತ್ತು ದಾಟಿದವನ ಮುಖದಲ್ಲಿ ಅದೇ ಸೈಕಲ್ ಹುಡುಗನ ಕಣ್ಣುಗಳು!

“ನೀನು ಪಾಸು ಕಣಪ್ಪಾ, ಅಂದು ನಪಾಸಾದವನು ನಾನು” ಎಂದೆ. ಶಾಲೆಯ ಹಿಂದೆ ಸಮತಟ್ಟಾದ ಆಟದ ಬಯಲಿತ್ತು. ಅಲ್ಲೊಂದು ಗೆರೆ ಎಳೆದು, ಕೈಯಲ್ಲಿ ಗಡಿಯಾರ ಹಿಡಿದು ನಾನೇ ನಿಲ್ಲಬಹುದಿತ್ತು. ಆ ಯೋಚನೆ ಹೊಳೆಯಲೇ ಇಲ್ಲ. ನಿಮ್ಮಲ್ಲಿ ಅನೇಕರು ಈಗ ಉಪಾಧ್ಯಾಯರಾಗಿದ್ದೀರಿ. “ಕೂಡದು” ಎನ್ನುವ ಮುನ್ನ ಒಮ್ಮೆ ಬಯಲಿನ ಕಡೆ ನೋಡಿರಿ.