ದಡ್ಡ ಜಾಲದ ಜಾಣತನ

ಇಂಟರ್ನೆಟ್‌ನ ಚರಿತ್ರೆಯೆಂದರೆ ಅಮೆರಿಕದ ಚರಿತ್ರೆ ಎಂದೇ ನಮ್ಮಲ್ಲಿ ಹೆಚ್ಚಿನವರು ಓದಿಕೊಂಡು ಬಂದಿದ್ದೇವೆ. ಆದರೆ ಅದರ ರಚನೆಯ ಒಂದು ಮುಖ್ಯ ತೀರ್ಮಾನದ ಜಾಡು ಹಿಡಿದು ಹೋದರೆ 1970ರ ದಶಕದ ಫ್ರಾನ್ಸಿಗೆ, ಲೂಯಿ ಪೂಜಾಂ ಎಂಬ ಎಂಜಿನಿಯರ್ ಬಳಿಗೆ ಬರುತ್ತೇವೆ.

ಪ್ರಶ್ನೆ ಸರಳ. ಒಂದು ಕಂಪ್ಯೂಟರ್ ಕಳಿಸಿದ ಮಾಹಿತಿ ಇನ್ನೊಂದಕ್ಕೆ ಪೂರ್ತಿಯಾಗಿ, ಕ್ರಮವಾಗಿ ತಲುಪಿತೇ ಎಂದು ನೋಡಿಕೊಳ್ಳಬೇಕಾದವರು ಯಾರು? ನಡುವಿನ ಜಾಲವೋ, ತುದಿಯಲ್ಲಿರುವ ಕಂಪ್ಯೂಟರುಗಳೋ? 1969ರಲ್ಲಿ ಶುರುವಾದ ಅಮೆರಿಕದ ಆರ್ಪಾನೆಟ್ ಆ ಹೊಣೆಯನ್ನು ಬಹುಮಟ್ಟಿಗೆ ಜಾಲಕ್ಕೇ ಒಪ್ಪಿಸಿತ್ತು. ಪೂಜಾಂ ಅದನ್ನು ತುದಿಗಳಿಗೆ ವರ್ಗಾಯಿಸಿದರು. ಅವರ ಸಿಕ್ಲಾಡ್ ಜಾಲದಲ್ಲಿ ಮಾಹಿತಿಯ ಪ್ರತಿ ತುಣುಕೂ ವಿಳಾಸ ಬರೆದ ಕಾಗದದಂತೆ ತನ್ನಷ್ಟಕ್ಕೆ ಹೊರಡುತ್ತಿತ್ತು. ಒಂದೊಂದು ಒಂದೊಂದು ದಾರಿ ಹಿಡಿಯಬಹುದು, ಹಿಂದಿನದು ಮೊದಲು ಬರಬಹುದು, ಕಳೆದೂ ಹೋಗಬಹುದು. ಕಳೆದದ್ದನ್ನು ಮತ್ತೆ ಕಳಿಸುವುದು, ಬಂದದ್ದನ್ನು ಜೋಡಿಸುವುದು ತುದಿಗಳ ಕೆಲಸ. ಈ ಬಿಡಿ ತುಣುಕಿಗೆ ಡೇಟಾಗ್ರಾಮ್ ಎಂದು ಹೆಸರಾಯಿತು.

ಯುರೋಪಿನ ಸರ್ಕಾರಿ ಟೆಲಿಫೋನ್ ಇಲಾಖೆಗಳಿಗೆ ಇದು ರುಚಿಸಲಿಲ್ಲ. ಫೋನ್ ಕರೆಯ ಹಾಗೆ ಮೊದಲು ಸಂಪರ್ಕ ಏರ್ಪಡಿಸಿ, ಕ್ರಮ ತಪ್ಪದಂತೆ ಸಾಗಿಸುವ ವ್ಯವಸ್ಥೆ ಅವುಗಳಿಗೆ ಬೇಕಿತ್ತು. ಇದರ ಹಿಂದೆ ಅಧಿಕಾರದ ಪ್ರಶ್ನೆಯೂ ಇತ್ತೆಂದು ನನಗನ್ನಿಸುತ್ತದೆ. ಜಾಲ ಜಾಣವಾದಷ್ಟೂ ಅದರ ಒಡೆಯನ ಹಿಡಿತ ಹೆಚ್ಚು; ದಡ್ಡವಾದರೆ ಅವನು ಸರಕು ಸಾಗಿಸುವವನಷ್ಟೇ. 1976ರಲ್ಲಿ ಇಲಾಖೆಗಳ ಇಷ್ಟದಂತೆ ಎಕ್ಸ್.25 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. 1978ರಲ್ಲಿ ಫ್ರಾನ್ಸ್ ಅದರ ಮೇಲೆ ಟ್ರಾನ್ಸ್‌ಪ್ಯಾಕ್ ಜಾಲ ತೆರೆಯಿತು. ಸಿಕ್ಲಾಡ್‌ಗೆ ಬರುತ್ತಿದ್ದ ಹಣ ನಿಂತಿತು.

ಅಷ್ಟರಲ್ಲಿ ಬೀಜ ಕಡಲು ದಾಟಿತ್ತು. ಪೂಜಾಂ ತಂಡದ ಜೆರಾರ್ ಲ ಲಾನ್ ಸ್ಟ್ಯಾನ್‌ಫರ್ಡಿನಲ್ಲಿ ವಿಂಟ್ ಸರ್ಫ್ ಜೊತೆ ಕೆಲಸ ಮಾಡಿದ್ದರು. ಸರ್ಫ್ ಮತ್ತು ಬಾಬ್ ಕಾನ್ ಸೇರಿ 1974ರಲ್ಲಿ ಪ್ರಕಟಿಸಿದ ಪ್ರಬಂಧ ಹೊಣೆಯನ್ನು ತುದಿಗಳಿಗೇ ಕೊಟ್ಟಿತು. ಜಾಲದಿಂದ ಕೇಳುವುದು ಕಡಿಮೆಯಾದ್ದರಿಂದ ರೇಡಿಯೊ, ಉಪಗ್ರಹ, ತಂತಿ ಯಾವುದನ್ನಾದರೂ ಒಂದಕ್ಕೊಂದು ಬೆಸೆಯಬಹುದಿತ್ತು. 1983ರ ಜನವರಿ 1ರಂದು ಆರ್ಪಾನೆಟ್ಟೇ ಈ ಪದ್ಧತಿಗೆ ಬದಲಾಯಿತು.

ಈ ಆಯ್ಕೆಗೆ ಬೆಲೆಯೂ ಇತ್ತು. 1986ರಲ್ಲಿ ದಟ್ಟಣೆ ಹೆಚ್ಚಿ, ಬರ್ಕ್ಲಿಯ ಕೆಲವೇ ನೂರು ಗಜಗಳ ಒಂದು ಸಂಪರ್ಕದಲ್ಲಿ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40ಕ್ಕೆ ಕುಸಿಯಿತು. ವ್ಯಾನ್ ಜೇಕಬ್ಸನ್ ಕಂಡುಕೊಂಡ ಮದ್ದು ಕೂಡ ತುದಿಯಲ್ಲೇ ಇತ್ತು: ತುಣುಕು ಕಳೆದುಹೋದರೆ ಕಳಿಸುವ ಕಂಪ್ಯೂಟರ್ ತಾನಾಗಿ ವೇಗ ತಗ್ಗಿಸಬೇಕು.

ಹಳೆಯ ಪ್ರಶ್ನೆ ಇನ್ನೂ ಮುಗಿದಿಲ್ಲ. ಒಳಗೇನಿದೆ ಎಂದು ನೋಡಿ ಬೇರೆಬೇರೆ ದರ ಹಾಕುವ ಹಕ್ಕು ಜಾಲದ ಒಡೆಯನಿಗಿದೆಯೇ? ಇಲ್ಲವೆಂದು 2016ರಲ್ಲಿ ನಮ್ಮ ಟ್ರಾಯ್ ನಿಯಮ ಮಾಡಿತು. ಆ ಸುದ್ದಿಯನ್ನು ನಾನು ಪೂಜಾಂ ಕಥೆಯ ಮುಂದಿನ ಅಧ್ಯಾಯವೆಂದೇ ಓದುತ್ತೇನೆ.