ನೆಟ್‌ವರ್ಕ್ ಸ್ಕ್ಯಾನರ್

ನೆಟ್‌ವರ್ಕ್ ಸ್ಕ್ಯಾನರ್ ಎಂಬುದು ಕಾಗದದ ದಾಖಲೆಗಳನ್ನು ಡಿಜಿಟಲ್ ಕಡತಗಳನ್ನಾಗಿ ಪರಿವರ್ತಿಸಿ, ಬೇರೊಂದು ಗಣಕಯಂತ್ರದ ನೆರವಿಲ್ಲದೆ ಕಚೇರಿಯ ಜಾಲದ ಮೂಲಕ ನೇರವಾಗಿ ಸರ್ವರ್‌ಗೆ ಕಳುಹಿಸುವ ಸಾಧನವಾಗಿದೆ. ಸಾಮಾನ್ಯವಾಗಿ ಇದು ನಕಲು ಹಾಗೂ ಮುದ್ರಣ ಕಾರ್ಯಗಳನ್ನೂ ನಿರ್ವಹಿಸುವ ಬಹುಕಾರ್ಯ ಯಂತ್ರದ ಭಾಗವಾಗಿರುತ್ತದೆ. ಇದಕ್ಕೆ ತನ್ನದೇ ಆದ ಪ್ರೊಸೆಸರ್, ಮೆಮೊರಿ ಮತ್ತು ಐಪಿ ವಿಳಾಸಗಳಿರುತ್ತವೆ.

ಕಾರ್ಯವಿಧಾನ

ಹಾಳೆಯು ಯಂತ್ರದೊಳಗೆ ಸಾಗುವಾಗ ಬೆಳಕಿನ ಸಂವೇದಕಗಳು ಅದನ್ನು ಸಾಲುಸಾಲಾಗಿ ಓದುತ್ತವೆ. ಎ4 ಹಾಳೆಯನ್ನು ಅಂಗುಲಕ್ಕೆ 300 ಬಿಂದುಗಳಂತೆ ಓದಿದರೆ 2480 × 3508 ಪಿಕ್ಸೆಲ್‌ಗಳ ಚಿತ್ರ ದೊರೆಯುತ್ತದೆ. ಗಾತ್ರ ಕುಗ್ಗಿಸದಿದ್ದರೆ ಇದರ ವರ್ಣಚಿತ್ರವು ಸುಮಾರು 26 ಮೆಗಾಬೈಟ್‌ಗಳಷ್ಟಾಗುತ್ತದೆ. ಕೇವಲ ಕಪ್ಪು-ಬಿಳುಪಿನ ಚಿತ್ರಕ್ಕೆ ಸುಮಾರು 1.1 ಮೆಗಾಬೈಟ್ ಸಾಕು. ಆದ್ದರಿಂದ ಯಂತ್ರವು ಚಿತ್ರದ ಗಾತ್ರವನ್ನು ಕುಗ್ಗಿಸಿ, ಪಿಡಿಎಫ್ ಅಥವಾ ಟಿಫ್ ಕಡತವನ್ನಾಗಿ ಮಾಡಿ ಕಳುಹಿಸುತ್ತದೆ.

ಸರ್ವರ್‌ನ ಹೆಸರು, ಫೋಲ್ಡರ್‌ನ ಹಾದಿ, ಬಳಕೆದಾರನ ಹೆಸರು ಮತ್ತು ಗುಪ್ತಪದಗಳನ್ನು ಯಂತ್ರದ ವಿಳಾಸಪಟ್ಟಿಯಲ್ಲಿ ಮೊದಲೇ ದಾಖಲಿಸಲಾಗಿರುತ್ತದೆ. ಯಂತ್ರವು ಆ ಹೆಸರಿನಲ್ಲಿ ಲಾಗಿನ್ ಆಗುತ್ತದೆ. ಆ ಖಾತೆಗೆ ಬರೆಯುವ ಅನುಮತಿ ಇದ್ದರೆ ಮಾತ್ರ ಸರ್ವರ್ ಕಡತವನ್ನು ಸ್ವೀಕರಿಸುತ್ತದೆ. ಎಲ್ಲರಿಗೂ ಒಂದೇ ಖಾತೆಯನ್ನು ಬಳಸಿದಲ್ಲಿ, ದಾಖಲೆಯನ್ನು ಯಾರು ಕಳುಹಿಸಿದರು ಎಂಬುದು ಸರ್ವರ್‌ಗೆ ತಿಳಿಯುವುದಿಲ್ಲ.

ಪ್ರೋಟೊಕಾಲ್‌ಗಳು

ಕಡತ ರವಾನೆಗೆ ಮುಖ್ಯವಾಗಿ ಎಫ್‌ಟಿಪಿ ಮತ್ತು ಎಸ್‌ಎಂಬಿ ಎಂಬ ಎರಡು ಪ್ರೋಟೊಕಾಲ್‌ಗಳು ಬಳಕೆಯಲ್ಲಿವೆ. ಎಫ್‌ಟಿಪಿಯ ಮೊದಲ ವಿವರಣೆಯನ್ನು ಕಾನ್ಪುರದ ಐಐಟಿಯಲ್ಲಿ ಓದಿದ್ದ ಅಭಯ್ ಭೂಷಣ್ ಅವರು 1971ರಲ್ಲಿ ಬರೆದರು. ಇದರ ಮೂಲರೂಪದಲ್ಲಿ ಗುಪ್ತಪದವೂ ದಾಖಲೆಯೂ ಮರೆಮಾಚದೆ ಸಾಗುವುದರಿಂದ, ಜಾಲದಲ್ಲಿ ಕದ್ದು ನೋಡುವವರು ಅವನ್ನು ಓದಬಹುದು. ಎಸ್‌ಎಂಬಿಯು 1980ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ರೂಪುಗೊಂಡಿತು. ವಿಂಡೋಸ್‌ನ ಹಂಚಿಕೆಯ ಫೋಲ್ಡರ್‌ಗಳು ಇದನ್ನೇ ಅವಲಂಬಿಸಿವೆ. ಲಿನಕ್ಸ್ ಸರ್ವರ್‌ಗಳಲ್ಲಿ ಸಾಂಬಾ ತಂತ್ರಾಂಶವು ಈ ಸೌಲಭ್ಯವನ್ನು ಒದಗಿಸುತ್ತದೆ. 2012ರಲ್ಲಿ ಬಂದ ಎಸ್‌ಎಂಬಿ 3 ಆವೃತ್ತಿಯು ರವಾನೆಯಾಗುವ ದತ್ತಾಂಶವನ್ನು ಗೂಢಲಿಪಿಗೆ ಬದಲಿಸಬಲ್ಲದು.

ಹಳೆಯ ಯಂತ್ರಗಳ ಸಮಸ್ಯೆ

2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈ ಕುತಂತ್ರಾಂಶವು ವಿಂಡೋಸ್‌ನ ಎಸ್‌ಎಂಬಿ 1 ಅಳವಡಿಕೆಯಲ್ಲಿದ್ದ ದೋಷವನ್ನು ಬಳಸಿಕೊಂಡಿತು. ಎಸ್‌ಎಂಬಿ 1ನ್ನು ಕೈಬಿಡುವ ಪ್ರಯತ್ನ ಅದಕ್ಕೂ ಮುಂಚೆಯೇ ಆರಂಭವಾಗಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ವಿಂಡೋಸ್ 10ರ 1709 ಆವೃತ್ತಿಯಿಂದ, ಹೊಸದಾಗಿ ಅಳವಡಿಸಿದ ಗಣಕಗಳಲ್ಲಿ ಎಸ್‌ಎಂಬಿ 1 ಸರ್ವರ್ ಸೌಲಭ್ಯವು ತಾನಾಗಿ ಇರುವುದಿಲ್ಲ. ಇದರಿಂದ ಎಸ್‌ಎಂಬಿ 1 ಮಾತ್ರ ಬಲ್ಲ ಹಳೆಯ ಸ್ಕ್ಯಾನರ್‌ಗಳು ಹಾಳೆಯನ್ನು ಸರಿಯಾಗಿ ಓದಿದರೂ ಅಂತಹ ಗಣಕದಲ್ಲಿ ಕಡತವನ್ನು ಉಳಿಸಲಾರವು. ತಯಾರಕರು ನೀಡುವ ಫರ್ಮ್‌ವೇರ್ ನವೀಕರಣ ಇದಕ್ಕೆ ಸೂಕ್ತ ಪರಿಹಾರ. ಎಸ್‌ಎಂಬಿ 1ನ್ನು ಮರಳಿ ಸಕ್ರಿಯಗೊಳಿಸಿದರೆ ಸ್ಕ್ಯಾನರ್ ಕೆಲಸ ಮಾಡಬಹುದಾದರೂ ಸರ್ವರ್‌ನ ಸುರಕ್ಷತೆ ಕುಗ್ಗುತ್ತದೆ.

ಸುರಕ್ಷತೆ

ಸ್ಕ್ಯಾನರ್‌ಗೆ ನಿರ್ವಾಹಕರ ಖಾತೆಯನ್ನು ನೀಡದೆ, ನಿಗದಿತ ಫೋಲ್ಡರ್‌ನಲ್ಲಿ ಬರೆಯಲು ಮಾತ್ರ ಅನುಮತಿಯುಳ್ಳ ಪ್ರತ್ಯೇಕ ಖಾತೆಯನ್ನು ನೀಡುವುದು ಸುರಕ್ಷಿತ. ಸರ್ವರ್‌ನಲ್ಲಿ ಗುಪ್ತಪದ ಬದಲಾದಾಗ ಯಂತ್ರದಲ್ಲಿಯೂ ಅದನ್ನು ಬದಲಿಸಬೇಕು. ಕೆಲವು ಯಂತ್ರಗಳ ಹಾರ್ಡ್ ಡಿಸ್ಕ್‌ನಲ್ಲಿ ದಾಖಲೆಗಳ ಪ್ರತಿಗಳು ಉಳಿಯುವುದರಿಂದ, ಮಾರುವ ಅಥವಾ ಹಿಂದಿರುಗಿಸುವ ಮುನ್ನ ಅವನ್ನು ಸಂಪೂರ್ಣವಾಗಿ ಅಳಿಸುವುದು ಅಗತ್ಯ. ಬಾಡಿಗೆಗೆ ಪಡೆದಿದ್ದ ನಕಲು ಯಂತ್ರಗಳನ್ನು ರೋಗಿಗಳ ಮಾಹಿತಿ ಅಳಿಸದೆ ಹಿಂದಿರುಗಿಸಿದ್ದ ಅಮೆರಿಕದ ಆರೋಗ್ಯ ವಿಮಾ ಸಂಸ್ಥೆಯೊಂದು, 2013ರಲ್ಲಿ ಅಲ್ಲಿನ ಆರೋಗ್ಯ ಇಲಾಖೆಗೆ 12 ಲಕ್ಷ ಡಾಲರ್‌ಗೂ ಹೆಚ್ಚು ಹಣ ತೆರಲು ಒಪ್ಪಿಕೊಂಡಿತು.