ನೆಲದಿಂದ ಅಳಿಸಿದ ಹಳ್ಳಿ, ನೆನಪಿನಲ್ಲಿ ಉಳಿದ ಹೆಸರು

ಮಧ್ಯ ಯೂರೋಪಿನ ಭೂಪಟವನ್ನು ಬಿಡಿಸಿ ಪ್ರಾಗ್ ನಗರವನ್ನು ಗುರುತಿಸಿ. ಅಲ್ಲಿಂದ ವಾಯವ್ಯ ದಿಕ್ಕಿಗೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಚೆಕ್ ಗಣರಾಜ್ಯದ ಬೊಹೀಮಿಯಾ ಪ್ರಾಂತದಲ್ಲಿ, ಲಿಡಿಟ್ಸೆ ಎಂಬ ಪುಟ್ಟ ಹಳ್ಳಿಯಿದೆ. ಈ ಹೆಸರು ಭೂಪಟದಲ್ಲಿ ಇರಲೇಕೂಡದೆಂದು 1942ರಲ್ಲಿ ನಾಜಿ ಆಡಳಿತ ತೀರ್ಮಾನಿಸಿತ್ತು. ಆದರೂ ಹೆಸರು ಉಳಿದದ್ದು ಹೇಗೆ?

ಹಳೆಯ ಲಿಡಿಟ್ಸೆ ಒಂದು ಆಳವಿಲ್ಲದ ಕಣಿವೆಯಲ್ಲಿತ್ತು. ನಡುವೆ ಸಣ್ಣ ತೊರೆ, ಇಳಿಜಾರಿನಲ್ಲಿ ಮನೆಗಳು, ಒಂದು ಶಾಲೆ, ಸಂತ ಮಾರ್ಟಿನನ ಹೆಸರಿನ ಇಗರ್ಜಿ. ಹತ್ತಿರದ ಕ್ಲಾದ್ನೋ ಪಟ್ಟಣ ಕಲ್ಲಿದ್ದಲು ಮತ್ತು ಉಕ್ಕಿಗೆ ಹೆಸರಾಗಿತ್ತು. ಆದ್ದರಿಂದ ಬೇಸಾಯದ ಜೊತೆಗೆ ಗಣಿ ಮತ್ತು ಕಾರ್ಖಾನೆಗಳ ದುಡಿಮೆಯೇ ಇಲ್ಲಿನವರ ಜೀವನಾಧಾರವಾಗಿತ್ತು. ಜನಸಂಖ್ಯೆ ಸುಮಾರು 500.

1939ರಲ್ಲಿ ಹಿಟ್ಲರನ ಸೈನ್ಯ ಈ ನಾಡನ್ನು ಆಕ್ರಮಿಸಿತು. 1941ರಲ್ಲಿ ಇಲ್ಲಿನ ಆಡಳಿತ ರೈನ್‌ಹಾರ್ಡ್ ಹೈಡ್ರಿಕ್ ಎಂಬ ಕ್ರೂರ ಅಧಿಕಾರಿಯ ಕೈಸೇರಿತು. ಬ್ರಿಟನ್ನಿನಲ್ಲಿ ತರಬೇತಿ ಪಡೆದು ಬಂದ ಯೋಧರು 1942ರ ಮೇ 27ರಂದು ಪ್ರಾಗ್‌ನಲ್ಲಿ ಅವನ ಮೇಲೆ ದಾಳಿ ನಡೆಸಿದರು. ಜೂನ್ 4ರಂದು ಅವನು ಸತ್ತ. ಲಿಡಿಟ್ಸೆಯ ಇಬ್ಬರು ಯುವಕರು ಬ್ರಿಟನ್ನಿನಲ್ಲಿದ್ದ ಚೆಕೋಸ್ಲೊವಾಕ್ ಪಡೆಗಳಲ್ಲಿದ್ದರು. ಅಷ್ಟೇ ಕಾರಣಕ್ಕೆ ಸಂಶಯ ಈ ಹಳ್ಳಿಯತ್ತ ತಿರುಗಿತು. ಹತ್ಯೆಗೂ ಹಳ್ಳಿಗೂ ಯಾವ ಸಂಬಂಧವೂ ಸಿಗಲಿಲ್ಲ. ಆದರೆ ಹಿಟ್ಲರನಿಗೆ ಬೇಕಾಗಿದ್ದುದು ಸಾಕ್ಷ್ಯವಲ್ಲ, ಸೇಡು.

ಜೂನ್ 9ರ ರಾತ್ರಿ ಹಳ್ಳಿಯನ್ನು ಸುತ್ತುವರಿದರು. ಮರುದಿನ 173 ಗಂಡಸರನ್ನು ಹೋರಾಕ್ ಕುಟುಂಬದ ತೋಟದ ಮನೆಯ ಗೋಡೆಯ ಬಳಿ ಗುಂಪುಗುಂಪಾಗಿ ನಿಲ್ಲಿಸಿ ಗುಂಡಿಟ್ಟರು. ವಯೋವೃದ್ಧ ಪಾದ್ರಿ ಯೋಸೆಫ್ ಷ್ಟೆಂಬೆರ್ಕಾ ಅವರೂ ತಮ್ಮ ಜನರೊಡನೆ ಪ್ರಾಣಬಿಟ್ಟರು. ಕ್ಲಾದ್ನೋದ ಶಾಲೆಯೊಂದರಲ್ಲಿ ತಾಯಂದಿರನ್ನೂ ಮಕ್ಕಳನ್ನೂ ಬೇರ್ಪಡಿಸಲಾಯಿತು. ತಾಯಂದಿರನ್ನು ರಾವೆನ್ಸ್‌ಬ್ರೂಕ್ ಸೆರೆಶಿಬಿರಕ್ಕೆ ಒಯ್ದರು. 82 ಮಕ್ಕಳನ್ನು ಪೋಲೆಂಡಿನ ಹೆಲ್ಮ್ನೋದಲ್ಲಿ ವಿಷಾನಿಲದಿಂದ ಕೊಂದರು. ಯುದ್ಧ ಮುಗಿದಾಗ ಮರಳಿದವರು 143 ಮಹಿಳೆಯರು, 17 ಮಕ್ಕಳು.

ಇನ್ನು ಭೂಗೋಳದ ಮಾತು. ಮನೆಗಳನ್ನು ಸುಟ್ಟು ಸ್ಫೋಟಿಸಿದ ಮೇಲೂ ನಾಜಿಗಳಿಗೆ ತೃಪ್ತಿಯಾಗಲಿಲ್ಲ. ಇಗರ್ಜಿಯನ್ನು ಉರುಳಿಸಿದರು, ಸ್ಮಶಾನವನ್ನು ಅಗೆದರು, ಕೊಳವನ್ನು ಮುಚ್ಚಿದರು, ತೊರೆಯ ಹರಿವನ್ನೇ ಬದಲಿಸಿದರು. ಇಲ್ಲಿ ಒಂದು ಊರಿತ್ತೆಂದು ನೆಲವೂ ಹೇಳಬಾರದು ಎಂಬುದು ಅವರ ಉದ್ದೇಶ.

ಆದರೆ ನಾಜಿಗಳು ಒಂದು ಲೆಕ್ಕ ತಪ್ಪಿದ್ದರು. ಬೇರೆ ಕಡೆಯ ಹತ್ಯೆಗಳನ್ನು ಮುಚ್ಚಿಟ್ಟವರು, ಚೆಕ್ ಜನರನ್ನು ಬೆದರಿಸಲು ಇದನ್ನು ತಾವೇ ಬಹಿರಂಗವಾಗಿ ಸಾರಿದರು. ಸುದ್ದಿ ಲೋಕವೆಲ್ಲ ಹರಡಿತು. ಅದೇ ವರ್ಷ ಅಮೆರಿಕದ ಇಲಿನಾಯ್ ರಾಜ್ಯದ ಒಂದು ಬಡಾವಣೆಯೂ ಮೆಕ್ಸಿಕೋದ ಒಂದು ಊರೂ ಈ ಹೆಸರನ್ನು ತಳೆದವು. ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ ವೈದ್ಯ ಬಾರ್ನೆಟ್ ಸ್ಟ್ರಾಸ್ ಅವರ ನೇತೃತ್ವದಲ್ಲಿ ಗಣಿ ಕಾರ್ಮಿಕರು, ತಮ್ಮಂಥ ಗಣಿಗರ ಹಳ್ಳಿಯನ್ನು ಮತ್ತೆ ಕಟ್ಟಲು ಹಣ ಕೂಡಿಸತೊಡಗಿದರು. ನಾಶವನ್ನು ಜರ್ಮನರೇ ಚಿತ್ರೀಕರಿಸಿದ್ದರು. ಆ ಚಿತ್ರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಅವರ ವಿರುದ್ಧವೇ ಸಾಕ್ಷ್ಯವಾಯಿತು.

ಯುದ್ಧಾನಂತರ ಹಳೆಯ ನೆಲದ ಪಕ್ಕದಲ್ಲೇ ಹೊಸ ಲಿಡಿಟ್ಸೆ ಎದ್ದಿತು. 1955ರಲ್ಲಿ ಎರಡರ ನಡುವೆ ಗುಲಾಬಿ ತೋಟ ಅರಳಿತು. ಅದಕ್ಕೆ ಗಿಡಗಳು ಬಂದದ್ದು ಹಲವು ದೇಶಗಳಿಂದ. ಹಳೆಯ ಊರಿದ್ದ ಕಣಿವೆ ಈಗ ಹುಲ್ಲುಗಾವಲು. ಅಲ್ಲಿ 82 ಮಕ್ಕಳ ಕಂಚಿನ ಪ್ರತಿಮೆಗಳು ಒಟ್ಟಾಗಿ ನಿಂತಿವೆ. ಶಿಲ್ಪಿ ಮರಿಯೆ ಉಖಿತಿಲೋವಾ ಆರಂಭಿಸಿದ ಈ ಕೆಲಸವನ್ನು, ಅವರ ನಿಧನಾನಂತರ ಪತಿ ಮುಂದುವರಿಸಿದರು. 2000ದಲ್ಲಿ ಅದು ಪೂರ್ಣಗೊಂಡಿತು.

ಇತಿಹಾಸ, ಭೂಗೋಳ ಎಂದು ನಾವು ಎರಡು ಪುಸ್ತಕಗಳಲ್ಲಿ ಓದುತ್ತೇವೆ. ಲಿಡಿಟ್ಸೆಯಲ್ಲಿ ಅವೆರಡೂ ಒಂದೇ ಪುಟದಲ್ಲಿವೆ. ಅಧಿಕಾರ ತೊರೆಯ ದಿಕ್ಕನ್ನು ಬದಲಿಸಬಲ್ಲದು. ಆದರೆ ಜನ ನೆನಪಿಡುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಭೂಪಟದಲ್ಲಿ ಆ ಚುಕ್ಕೆಯನ್ನು ನೀವೂ ಒಮ್ಮೆ ಹುಡುಕಿ ನೋಡಿ.